ಬೇಳೆ ಬೇಯದ ನೀರಿಗೆ ಯಾವ ಮೀನು? ವಿಜಯಪುರದ ನನ್ನ ಎರಡು ಅಡಿ ಅಕ್ವೇರಿಯಂ

ಅಕ್ವೇರಿಯಂ ಇಡಬೇಕು ಅನಿಸಿದರೆ ಎಲ್ಲರೂ ಮೊದಲು ಅಂಗಡಿಗೆ ಹೋಗಿ ಮೀನು ನೋಡುತ್ತಾರೆ. ನಾನು ಮೊದಲು ನೋಡಿದ್ದು ಬಚ್ಚಲ ಮನೆಯ ಬಕೆಟ್. ನಮ್ಮದು ಬೋರಿನ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟಿರುತ್ತದೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬರಲ್ಲ. ಈ ನೀರಿನಲ್ಲಿ ತೊಗರಿ ಬೇಳೆ ಇಟ್ಟರೆ ಕುಕ್ಕರ್ ಸೀಟಿ ಹೊಡೆಯುತ್ತಲೇ ಇರುತ್ತದೆ, ಬೇಳೆ ಮಾತ್ರ ಕರಗುವುದಿಲ್ಲ. ಅವ್ವ ಅಡಿಗೆಗೆ ಅಂತ ನಳದ ನೀರನ್ನು ಬೇರೆಯೇ ತೆಗೆದಿಡುತ್ತಾಳೆ. ವಿಜಯಪುರದ ಬಹಳ ಮನೆಗಳಲ್ಲಿ ಇದೇ ಕತೆ. ಹಾಗಾಗಿ ಬೇಳೆ ಬೇಯದ ನೀರಿನಲ್ಲಿ ಯಾವ ಮೀನು ಸುಖವಾಗಿರುತ್ತದೆ ಅನ್ನುವುದೇ ನನ್ನ ಮೊದಲ ಪ್ರಶ್ನೆಯಾಯಿತು.

ಒಂದೇ ಟ್ಯಾಂಕಿನಲ್ಲಿ ನಾಲ್ಕಾರು ಜಾತಿ ಸಾಕುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಏನಂದರೆ, ಜಗಳ ಮಾಡದ ಮೀನು ತಗೊಳ್ಳಿ, ಎಲ್ಲ ಒಂದೇ ಗಾತ್ರದವು ಇರಲಿ. ಅದೇನೂ ತಪ್ಪಲ್ಲ. ಆದರೆ ನನ್ನ ಪ್ರಕಾರ ಅದು ಎರಡನೇ ಮಾತು. ನಿಯಾನ್ ಟೆಟ್ರಾ ಮತ್ತು ಪ್ಲಾಟಿ ಎರಡೂ ಪಾಪದ ಮೀನುಗಳೇ, ಗಾತ್ರದಲ್ಲೂ ಅಂಥ ವ್ಯತ್ಯಾಸವಿಲ್ಲ. ಆದರೆ ನಿಯಾನ್ ಅಮೆಜಾನ್ ಕಡೆಯದು. ಅಲ್ಲಿಯ ತೊರೆಗಳ ನೀರಿನಲ್ಲಿ ಲವಣ ಬಹಳ ಕಡಿಮೆ, ಸ್ವಲ್ಪ ಹುಳಿ ಗುಣ ಜಾಸ್ತಿ. ಪ್ಲಾಟಿ ಮೆಕ್ಸಿಕೊ, ಮಧ್ಯ ಅಮೆರಿಕದ್ದು, ಅದಕ್ಕೆ ಗಡಸು ನೀರೇ ಇಷ್ಟ. ಎರಡನ್ನೂ ಒಂದೇ ಟ್ಯಾಂಕಿಗೆ ಬಿಟ್ಟರೆ ಯಾವುದಾದರೂ ಒಂದಕ್ಕೆ ತೊಂದರೆ ಇದ್ದೇ ಇದೆ. ಅದು ತಕ್ಷಣ ಸಾಯುವುದಿಲ್ಲ. ನಿಧಾನಕ್ಕೆ ಬಣ್ಣ ಕಳಕೊಳ್ಳುತ್ತದೆ, ಬೇಗ ರೋಗ ಹಿಡಿಸಿಕೊಳ್ಳುತ್ತದೆ.

ನೀರು ಅಳೆಯಲು ಪೆನ್ನಿನಂಥ ಟಿಡಿಎಸ್ ಮೀಟರ್ ಮತ್ತು ಪಿಎಚ್ ಪಟ್ಟಿ ತಂದೆ. (ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ನೀರು ಹುಳಿ ಕಡೆ, ಜಾಸ್ತಿ ಇದ್ದರೆ ಕ್ಷಾರದ ಕಡೆ.) ನಮ್ಮ ಬೋರಿನ ನೀರಿಗೆ ಟಿಡಿಎಸ್ ಸಾವಿರದ ಆಸುಪಾಸು ತೋರಿಸಿತು, ಪಿಎಚ್ 8ರ ಹತ್ತಿರ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 2,000ದ ತನಕ. ಟಿಡಿಎಸ್ ಅಂದರೆ ಗಡಸುತನವಷ್ಟೇ ಅಲ್ಲ, ಕರಗಿದ ಎಲ್ಲ ಲವಣವೂ ಅದರಲ್ಲಿ ಬರುತ್ತದೆ. ಆದರೂ ಬಕೆಟ್ಟಿನ ಬಿಳಿ ಪದರ ಮತ್ತು ಈ ಅಂಕಿ ಎರಡನ್ನೂ ಕೂಡಿಸಿ ನೋಡಿದರೆ ಅಂದಾಜು ಸಿಕ್ಕೇ ಸಿಗುತ್ತದೆ.

ನಳದಲ್ಲಿ ಬರುವ ಕೃಷ್ಣೆಯ ನೀರು ಇದಕ್ಕಿಂತ ಮೆದು. ಆದರೆ ಅದು ದಿನಾ ಬರಲ್ಲ, ಬಂದಾಗ ಕ್ಲೋರಿನ್ ಇರುತ್ತದೆ. ಒಂದು ವಾರ ನಳದ ನೀರು, ಇನ್ನೊಂದು ವಾರ ಬೋರಿನ ನೀರು ಹಾಕುತ್ತಾ ಹೋದರೆ ಮೀನಿಗೆ ಯಾವುದಕ್ಕೂ ಒಗ್ಗಿಕೊಳ್ಳಲು ಆಗುವುದಿಲ್ಲ. ಗಡಸು ನೀರಿಗಿಂತ ಪದೇ ಪದೇ ಬದಲಾಗುವ ನೀರೇ ಹೆಚ್ಚು ಕೆಟ್ಟದ್ದು. ಅದಕ್ಕೇ ಬೋರಿನ ನೀರನ್ನೇ ಗಟ್ಟಿ ಮಾಡಿಕೊಂಡೆ. ಆರ್‌ಒ ನೀರು ತುಂಬಿಸಿ ಅಂತ ಕೆಲವರು ಹೇಳಿದರು. ಆಗ ನಿಯಾನ್ ಸಾಕಬಹುದು, ನಿಜ. ಆದರೆ ವಾರ ವಾರ ನೀರು ಬದಲಿಸುವಾಗಲೂ ಆರ್‌ಒ ನೀರೇ ಬೇಕು, ಅದಕ್ಕೆ ಲವಣ ಅಳತೆ ಮಾಡಿ ಬೆರೆಸಬೇಕು, ಜೊತೆಗೆ ಮಷೀನು ಹೊರಗೆ ಬಿಡುವ ನೀರಿನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಕೊಡ ಕೊಡ ನೀರಿಗೆ ಕಾಯುವ ಊರಿನಲ್ಲಿ ಮೀನಿಗಾಗಿ ಅಷ್ಟು ನೀರು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಕಾಡುಬಾದಾಮಿ ಎಲೆ ಹಾಕಿದರೆ ನೀರು ಮೆದುವಾಗುತ್ತದೆ ಅನ್ನುವುದೂ ನಮ್ಮ ನೀರಿನಲ್ಲಿ ನಡೆಯುವ ಮಾತಲ್ಲ. ಇದರಲ್ಲಿರುವ ಕಾರ್ಬೊನೇಟ್ ನಾಲ್ಕು ಎಲೆಗೆ ಜಗ್ಗುವುದಿಲ್ಲ. ನೀರು ಬರೀ ಚಹಾ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ.

ಹಾಗಾದರೆ ಈ ನೀರಿಗೆ ಒಗ್ಗುವುದು ಯಾವುದು? ಉತ್ತರ ನಮ್ಮ ಕಣ್ಣ ಮುಂದೆಯೇ ಇತ್ತು. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನುಗಳಲ್ಲಿ ಒಂದು ಗಪ್ಪಿ. ಫಿಲ್ಟರ್ ಇಲ್ಲ, ಪಂಪ್ ಇಲ್ಲ, ಇದೇ ಸವಳು ನೀರಿನಲ್ಲಿ ಅವು ಪೀಳಿಗೆ ಪೀಳಿಗೆ ಬದುಕುತ್ತವೆ. (ಅದೇ ಕೆಲಸಕ್ಕೆ ಬಿಡುವ ಇನ್ನೊಂದು ಮೀನು ಗ್ಯಾಂಬೂಸಿಯಾ. ನೋಡಲು ಹೆಣ್ಣು ಗಪ್ಪಿಯಂತೆಯೇ ಇರುತ್ತದೆ, ಆದರೆ ಬೇರೆ ಮೀನಿನ ರೆಕ್ಕೆ ಕಚ್ಚುವ ಚಾಳಿ. ತೊಟ್ಟಿಯಿಂದ ಪುಕ್ಕಟೆ ಮೀನು ಹಿಡಿದು ತರುವವರು ಹುಷಾರಾಗಿರಬೇಕು.) ಗಪ್ಪಿ, ಪ್ಲಾಟಿ, ಮೊಲ್ಲಿ, ಸ್ವೋರ್ಡ್‌ಟೇಲ್, ಹೀಗೆ ಮರಿ ಹಾಕುವ ಮೀನುಗಳೆಲ್ಲ ಗಡಸು ನೀರಿನವು. ನನ್ನ ಪಟ್ಟಿ ಶುರುವಾಗಿದ್ದು ಇಲ್ಲಿಂದ.

ನೀರಿನ ನಂತರ ನೋಡಬೇಕಾದದ್ದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಮನೆಯೊಳಗಿನ ಟ್ಯಾಂಕ್ ಕೂಡ 32ಕ್ಕೆ ಬಂದು ನಿಲ್ಲುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 32ರಲ್ಲಿ ಹಿಡಿಯುವುದು 7ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಎಲ್ಲ ನೀರಿನಲ್ಲೂ ಒಂದೇ ಥರ ವಿಷವಲ್ಲ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದರ ಶೇ 1ಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ, ಪಿಎಚ್ 8 ಆದರೆ ಶೇ 7ರ ಮೇಲೆ ಹೋಗುತ್ತದೆ. ಅಂದರೆ ಬೆಂಗಳೂರಿನ ಗೆಳೆಯ ತನ್ನ ಟ್ಯಾಂಕಿನಲ್ಲಿ ಇಪ್ಪತ್ತೈದು ಮೀನು ಸಾಕಿದ್ದಾನೆ ಅಂತ ನಾವೂ ಅಷ್ಟೇ ತುಂಬಿದರೆ ಲೆಕ್ಕ ಕೂಡುವುದಿಲ್ಲ.

ನನ್ನ ಟ್ಯಾಂಕ್ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ 56 ಲೀಟರ್. ಜಲ್ಲಿಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ನಿಜವಾಗಿ ಹಿಡಿಯುವುದು 45 ಲೀಟರಿನಷ್ಟು. ಹದಿನೈದು ಸಣ್ಣ ಮೀನಿಗಿಂತ ಮೇಲೆ ಹೋಗಬಾರದು ಅಂತ ಮೊದಲೇ ನಿರ್ಧಾರ ಮಾಡಿದೆ.

ಈ ನಿರ್ಧಾರ ಹಿಡಕೊಂಡೇ ಅಂಗಡಿಗೆ ಹೋದೆ. ಅಲ್ಲಿ ನಡೆದ ಮಾತು ಹೀಗಿತ್ತು:

"ಶಾರ್ಕ್ ತಗೊಳ್ರೀ ಸರ್. ಭಾಳ ಗಟ್ಟಿ ಮೀನ, ಸಾಯಂಗಿಲ್ಲ."

"ಎಷ್ಟ ಉದ್ದ ಬೆಳೀತದ್ರಿ?"

"ಟ್ಯಾಂಕ್ ಎಷ್ಟ ಐತಿ ಅಷ್ಟ ಬೆಳೀತದ್ರಿ."

ಈ ಮಾತನ್ನು ಎಲ್ಲ ಊರಿನ ಅಂಗಡಿಗಳಲ್ಲೂ ಹೇಳುತ್ತಾರೆ, ಅಲ್ವಾ? ಶಾರ್ಕ್ ಅಂತ ಮಾರುವ ಆ ಬೆಳ್ಳಿ ಬಣ್ಣದ ಮರಿ ಪಂಗಾಸಿಯಸ್ ಜಾತಿಯದು, ತಿನ್ನಲು ಸಾಕುವ ಮೀನು. ದೊಡ್ಡದಾದರೆ ಒಂದು ಮೀಟರ್ ಮೇಲೆ ಹೋಗುತ್ತದೆ. ಟ್ಯಾಂಕ್ ಸಣ್ಣದಾದರೆ ಮೀನು ಅದಕ್ಕೆ ತಕ್ಕಂತೆ ನಿಲ್ಲುವುದಿಲ್ಲ, ಬೆಳವಣಿಗೆ ಕುಂಠಿತವಾಗಿ ನರಳುತ್ತದೆ. ಗಾಜು ತಿಕ್ಕಲು ಕೊಡುವ ಸಕ್ಕರ್ ಮೀನಿನದೂ ಅದೇ ಹಣೆಬರಹ, ಒಂದೂವರೆ ಅಡಿ ತನಕ ಬೆಳೆಯುತ್ತದೆ. ಗೋಲ್ಡ್‌ಫಿಶ್ ನಮ್ಮ ಗಡಸು ನೀರು ತಡೆದೀತು, ಆದರೆ ಅದು ತಣ್ಣೀರಿನ ಮೀನು, ಹೊಲಸೂ ಜಾಸ್ತಿ. ಏಂಜಲ್ ಬೆಳೆದ ಮೇಲೆ ಬಾಯಿಗೆ ಸಿಕ್ಕ ಸಣ್ಣ ಮೀನು ಬಿಡುವುದಿಲ್ಲ. ಟೈಗರ್ ಬಾರ್ಬ್, ವಿಡೋ ಟೆಟ್ರಾ ಎರಡೂ ಗಪ್ಪಿಯ ಬಾಲ ಹರಿಯುತ್ತವೆ. ಫೈಟರ್ ಗಂಡಿಗೆ ಉದ್ದ ಬಾಲದ ಬಣ್ಣದ ಗಪ್ಪಿ ಕಂಡರೆ ಇನ್ನೊಂದು ಫೈಟರ್ ಕಂಡಂತೆ. ಮೊಲ್ಲಿ ನೀರಿಗೆ ಹೊಂದುತ್ತದೆ, ಆದರೆ ನಾಲ್ಕು ಇಂಚು ಬೆಳೆಯುವ ಮೀನಿಗೆ ಎರಡು ಅಡಿ ಕಡಿಮೆಯಾಯಿತು. ತಳದಲ್ಲಿ ಓಡಾಡುವ ಕೋರಿಡೋರಸ್ ನನಗೆ ಬಹಳ ಇಷ್ಟ. ಆದರೆ ಅದಕ್ಕೆ ಮೆತ್ತನೆಯ ಮರಳು ಬೇಕು, ಆರಾದರೂ ಜೊತೆಗಿರಬೇಕು, ಬಹಳಷ್ಟು ಜಾತಿಗಳಿಗೆ ನಮ್ಮ ಮೇ ತಿಂಗಳ ನೀರು ಆಗಿಬರಲ್ಲ. ಬಿಟ್ಟೆ.

ಕೊನೆಗೆ ಉಳಿದದ್ದು ಮೂರೇ ಜಾತಿ. ಪ್ಲಾಟಿ ನಾಲ್ಕು: ಒಂದು ಗಂಡು, ಮೂರು ಹೆಣ್ಣು. ಗಂಡು ಜಾಸ್ತಿಯಾದರೆ ಹೆಣ್ಣುಗಳ ಬೆನ್ನು ಬಿಡುವುದಿಲ್ಲ, ಅವು ಬಳಲಿ ಸಾಯುತ್ತವೆ. ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದರೆ ಗಂಡು, ಬೀಸಣಿಕೆಯಂತೆ ಬಿಚ್ಚಿಕೊಂಡಿದ್ದರೆ ಹೆಣ್ಣು. ಗಪ್ಪಿ ಐದು, ಎಲ್ಲವೂ ಗಂಡು. ಬಣ್ಣವೆಲ್ಲ ಗಂಡಿನಲ್ಲೇ ಇರುವುದರಿಂದ ನೋಡಲು ಚಂದ, ಮರಿಗಳ ಗಲಾಟೆಯೂ ಇಲ್ಲ. ತೀರಾ ಉದ್ದ ಬಾಲದವನ್ನು ಬಿಟ್ಟು ಗಿಡ್ಡ ಬಾಲದವನ್ನು ಆರಿಸಿದೆ. ಕಾರಣ ಮೂರನೇ ಮೀನು, ಜೀಬ್ರಾ ಡ್ಯಾನಿಯೊ. ಇದು ಆರರ ಗುಂಪಿನಲ್ಲಿರಬೇಕು. ಕಡಿಮೆ ಇದ್ದರೆ ತಮ್ಮತಮ್ಮಲ್ಲಿ ಆಡುವ ಆಟವನ್ನು ಬೇರೆ ಮೀನಿನ ಬಾಲದ ಮೇಲೆ ತೋರಿಸುತ್ತದೆ. ಉತ್ತರ ಭಾರತ, ಬಾಂಗ್ಲಾದೇಶದ ಹಳ್ಳ ಕೊಳ್ಳಗಳ ಮೀನು, ಬಿಸಿಲು ಚಳಿ ಎರಡನ್ನೂ ತಡೆಯುತ್ತದೆ. ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಸಾಕುವ ಜೀಬ್ರಾಫಿಶ್ ಇದೇ. ತಳಕ್ಕೆ ಎರಡು ಆ್ಯಪಲ್ ಸ್ನೇಲ್ ಬಿಟ್ಟೆ. ಮೆದು ನೀರಿನಲ್ಲಿ ಇವುಗಳ ಚಿಪ್ಪು ಸವೆಯುತ್ತದೆ. ನಮ್ಮ ನೀರಿನಲ್ಲಿ ಸುಣ್ಣಕ್ಕೇನು ಕೊರತೆ! ಬಸವನಹುಳುಗಳ ಮಟ್ಟಿಗೆ ವಿಜಯಪುರ ಒಳ್ಳೇ ಊರು.

ಎಲ್ಲವನ್ನೂ ಒಂದೇ ದಿನ ತರಲಿಲ್ಲ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯನ ಟ್ಯಾಂಕಿನ ಓಡುತ್ತಿದ್ದ ಫಿಲ್ಟರಿನಿಂದ ಒಂದು ಹಳೇ ಸ್ಪಂಜು ತಂದು ನನ್ನ ಫಿಲ್ಟರಿಗೆ ಸೇರಿಸಿದ್ದರಿಂದ ಆ ಕೆಲಸ ಬೇಗ ಆಯಿತು. ಆ ಸ್ಪಂಜನ್ನು ನಳದ ಕೆಳಗೆ ತೊಳೆಯಬಾರದು, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಮೊದಲು ಪ್ಲಾಟಿ ಬಿಟ್ಟೆ. ಕೆಲವು ವಾರ ಬಿಟ್ಟು ಡ್ಯಾನಿಯೊ, ಎಲ್ಲಕ್ಕಿಂತ ಕೊನೆಗೆ ಗಪ್ಪಿ. ತೊಟ್ಟಿಯ ಗಪ್ಪಿ ಎಷ್ಟು ಗಟ್ಟಿಯೋ, ಅಂಗಡಿಯ ಬಣ್ಣದ ಗಪ್ಪಿ ಅಷ್ಟೇ ನಾಜೂಕು.

ಅಂಗಡಿಯ ಮೀನುಗಳು ಎಲ್ಲೆಲ್ಲಿಂದಲೋ ಬಂದಿರುತ್ತವೆ. ಬಣ್ಣದ ಮೀನಿನ ವ್ಯಾಪಾರದಲ್ಲಿ ಚೆನ್ನೈನ ಕೊಳತ್ತೂರು, ಕೋಲ್ಕತ್ತಾ ದೊಡ್ಡ ಹೆಸರು. ಚೀಲದ ನೀರಿಗೆ ಟಿಡಿಎಸ್ ಪೆನ್ ಇಟ್ಟರೆ ನನ್ನ ಟ್ಯಾಂಕಿನ ಅರ್ಧವೂ ಇರಲಿಲ್ಲ. ಚೀಲವನ್ನು ಕಾಲು ಗಂಟೆ ತೇಲಿಸಿ ಬಿಟ್ಟರೆ ಬಿಸಿ ಮಾತ್ರ ಸಮ ಆಗುತ್ತದೆ, ಲವಣ ಸಮ ಆಗುವುದಿಲ್ಲ. ಅದಕ್ಕೇ ಚೀಲದ ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಟ್ಯಾಂಕಿನ ನೀರು ಅರ್ಧ ಲೋಟ ಸುರಿಯುತ್ತಾ ಒಂದು ಗಂಟೆಯ ಮೇಲೆ ಕಾದೆ. ಆಮೇಲೆ ಜಾಳಿಗೆಯಿಂದ ಮೀನನ್ನಷ್ಟೇ ಎತ್ತಿ ಬಿಟ್ಟೆ. ಚೀಲದ ನೀರು ಗಿಡಕ್ಕೆ ಹೋಯಿತು.

ಬೇಸಿಗೆಗೆ ನಮ್ಮ ಊರಿನಲ್ಲಿ ಒಂದು ಅನುಕೂಲವಿದೆ: ಗಾಳಿ ಒಣ. ಮುಚ್ಚಳ ತೆಗೆದು ಜಾಲರಿ ಹಾಕಿ, ಸಣ್ಣ ಟೇಬಲ್ ಫ್ಯಾನ್ ನೀರಿನ ಮೇಲೆ ಬೀಸುವಂತೆ ಇಟ್ಟರೆ ನೀರು ಆರುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಜಾಲರಿ ಬೇಕೇ ಬೇಕು, ಡ್ಯಾನಿಯೊ ಹಾರುತ್ತದೆ. ಹೀಗೆ ಆರಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದದ್ದಕ್ಕೆ ಮತ್ತೆ ಬೋರಿನ ನೀರನ್ನೇ ಸುರಿಯುತ್ತಾ ಹೋದರೆ ಟಿಡಿಎಸ್ ಏರುತ್ತಲೇ ಇರುತ್ತದೆ. ಆದ್ದರಿಂದ ಆರಿದ್ದಕ್ಕೆ ಮೇಲೆ ತುಂಬಿಸಲು ಎರಡು ಲೋಟ ಆರ್‌ಒ ನೀರು, ವಾರಕ್ಕೊಮ್ಮೆ ಕಾಲು ಭಾಗ ಬದಲಿಸಲು ಬೋರಿನ ನೀರು. ಕರೆಂಟ್ ಹೋದಾಗ ಪವರ್ ಬ್ಯಾಂಕಿಗೆ ಸಿಗಿಸುವ ಸಣ್ಣ ಗಾಳಿ ಪಂಪ್ ಇದೆ. ಡಿಸೆಂಬರ್ ರಾತ್ರಿಗಳಿಗೆ 50 ವ್ಯಾಟಿನ ಹೀಟರ್ ಸಾಕು.

ಊಟದಲ್ಲಿ ಡ್ಯಾನಿಯೊ ಎಲ್ಲರಿಗಿಂತ ಚುರುಕು, ಪ್ಲಾಟಿಗೆ ಏನೂ ಉಳಿಸುವುದಿಲ್ಲ. ಅದಕ್ಕೆ ಟ್ಯಾಂಕಿನ ಎರಡೂ ತುದಿಯಲ್ಲಿ ಒಟ್ಟಿಗೇ ಚಿಟಿಕೆ ಚಿಟಿಕೆ ಹಾಕುತ್ತೇನೆ. ಪ್ಲಾಟಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಗಂಡೇ ಇಲ್ಲದಿದ್ದರೂ ಅಂಗಡಿಯಿಂದ ಬಂದ ಹೆಣ್ಣು ಕೆಲವು ತಿಂಗಳು ಹಾಕುತ್ತಲೇ ಇರುತ್ತದೆ. ಬಹಳಷ್ಟು ಮರಿಗಳನ್ನು ಡ್ಯಾನಿಯೊಗಳೇ ಮುಗಿಸುತ್ತವೆ. ಗಿಡಗಳ ಸಂದಿಯಲ್ಲಿ ಅಡಗಿ ಉಳಿದವನ್ನು ಅದೇ ಅಂಗಡಿಗೆ ಕೊಟ್ಟು ಮೀನಿನ ಆಹಾರ ತರುತ್ತೇನೆ. ಭೂತನಾಳ ಕೆರೆಗೆ ಬಿಡಪ್ಪ ಅಂತ ಕೇಳಿದವರಿಗೆಲ್ಲ ಬೇಡ ಅಂತಲೇ ಹೇಳಿದ್ದೇನೆ. ಹೊರದೇಶದ ಮೀನು ಕೆರೆ ಸೇರಿದರೆ ಅಲ್ಲಿಯ ಸಣ್ಣ ಮೀನುಗಳ ಪಾಲಿನ ಜಾಗ, ಆಹಾರ ಎರಡೂ ಹೋಗುತ್ತವೆ.