ಕಣ್ಣಿನ ಹಿಂದಿನ ಗೆಡ್ಡೆ: ನಾನು ನಂಬಿದ್ದು ಚಾರ್ಟನ್ನೇ

ಎನ್‌ಎಫ್-1 (ನರಗಳ ಮೇಲೆ ಗೆಡ್ಡೆ ಬೆಳೆಸುವ ಆನುವಂಶಿಕ ಕಾಯಿಲೆ) ಇರುವ ಮಕ್ಕಳ ಆಪ್ಟಿಕ್ ಗ್ಲಯೋಮಾ, ಅಂದರೆ ಕಣ್ಣಿನ ನರದ ಗೆಡ್ಡೆ, ತುಂಬಾ ಸತಾಯಿಸುತ್ತದೆ. ವರ್ಷಗಟ್ಟಲೆ ಸುಮ್ನೆ ಇರುತ್ತದೆ, ಕೆಲವೊಮ್ಮೆ ತಾನಾಗಿಯೇ ಕುಗ್ಗುತ್ತದೆ, ಇನ್ನು ಕೆಲವರಲ್ಲಿ ನೋಡನೋಡುತ್ತಲೇ ದೃಷ್ಟಿ ಕಸಿಯುತ್ತದೆ. ಗೆಡ್ಡೆಯ ಗಾತ್ರಕ್ಕೂ ದೃಷ್ಟಿಗೂ ಎಷ್ಟೋ ಸಲ ತಾಳೆಯೇ ಆಗಲ್ಲ. ಹಾಗಾಗಿ ಕೀಮೋ ಬೇಕೋ ಬೇಡವೋ ಅನ್ನೋದಕ್ಕೆ ದೃಷ್ಟಿಯೇ ಮುಖ್ಯ. ಆದರೆ ಮೂರು ವರ್ಷದ ಮಗುವಿನ ದೃಷ್ಟಿಯನ್ನು ನಂಬುವಂತೆ ಅಳೆಯುತ್ತೇನೆ ಅಂದಾಗ ಮುಂಬೈನ ದಾದರ್‌ನಲ್ಲಿ ನನ್ನ ಜೊತೆ ಕೆಲಸ ಮಾಡೋರು ಒಪ್ಪಲಿಲ್ಲ. "ಸ್ಕ್ಯಾನ್ ಮಾಡಿಸ್ತಾ ಇರಿ, ಸಾಕು" ಅಂದರು.

ಖಾಸಗಿಯಲ್ಲಿ ಅರಿವಳಿಕೆ ಸೇರಿ ಒಂದು ಎಂಆರ್‌ಐ ಸ್ಕ್ಯಾನಿಗೆ ಸಾವಿರಾರು ರೂಪಾಯಿ. ಕಲಬುರಗಿಯಿಂದ ರೈಲು ಹತ್ತಿ ಬರೋರಿಗೆ ಕೂಲಿ ಕಳೆದುಕೊಂಡಿದ್ದು ಬೇರೆ.

ಮೊದಲು ಪಟ್ಟೆ ತೋರಿಸಿ ದೃಷ್ಟಿ ಅಳೆಯೋ ಟೆಲ್ಲರ್ ಕಾರ್ಡಿಗೆ ದುಡ್ಡು ಸುರಿದೆ. ಎರಡನೇ ಭೇಟಿಗೇ ಮಕ್ಕಳಿಗೆ ಪಟ್ಟೆ ನೋಡಿ ಬೇಜಾರು. ಓಸಿಟಿಗೆ, ಅಂದರೆ ಕಣ್ಣಿನ ಒಳಪದರವನ್ನು ಬೆಳಕಿನಿಂದ ಸ್ಕ್ಯಾನ್ ಮಾಡೋ ಯಂತ್ರಕ್ಕೆ, ಗದ್ದ ಇಡಿಸೋದೇ ಆಗಲಿಲ್ಲ. ಕೊನೆಗೆ ಅಕ್ಷರದ ಬದಲು ಚಿತ್ರಗಳಿರೋ ಲಿಯಾ (LEA) ಚಾರ್ಟು: ಸೇಬು, ಮನೆ, ಚೌಕ, ವೃತ್ತ. ಅದರ ನಕಲನ್ನು ಒಂದು ತಿಂಗಳು ಮೊದಲೇ ಅಮ್ಮನ ಕೈಗೆ ಕೊಟ್ಟೆ. ಹೆಸರು ಮಗುವೇ ಇಡಲಿ. ವಿಜಯಪುರದ ಒಂದು ಹುಡುಗಿಗೆ ವೃತ್ತ ಅಂದರೆ "ಉಂಡಿ", ಚೌಕ ಅಂದರೆ "ಟೀವಿ". ಫೈಲಿನಲ್ಲೂ ಹಾಗೇ ಬರೆದೆ. ಅದೇ ಕೋಣೆ, ಅದೇ ಬೆಳಕು, ಮೂರು ಮೀಟರ್, ಅಳೆಯೋದು ನಾನೇ. ಒಂದೊಂದೇ ಕಣ್ಣು ಅಳೆಯೋವಾಗ ಇನ್ನೊಂದು ಕಣ್ಣು ಮುಚ್ಚೋ ಪ್ಯಾಚನ್ನು ಮಗು ಕೀಳದಂತೆ ನೋಡಿಕೊಳ್ಳೋ ಉಪಾಯ ಒಂದಿದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಕಣ್ಣು ಮುಂದೆ ಬಂದಿದೆಯಾ ಅಂತ ತಲೆಯ ಮೇಲಿಂದ ಫೋನಲ್ಲಿ ಫೋಟೋನೂ ತೆಗೆದೆ. ಕೋನ ಸ್ವಲ್ಪ ತಪ್ಪಿದರೂ ಲೆಕ್ಕ ಕೆಡುತ್ತದೆ. ಅಪ್ಪ-ಅಮ್ಮನಿಗೆ ತೋರಿಸೋಕೆ ಮಾತ್ರ ಒಳ್ಳೇದು.

ವಿಜಯಪುರದ ಆ ಹುಡುಗಿಯ ಸ್ಕ್ಯಾನಿನಲ್ಲಿ ನರ ಇನ್ನಷ್ಟು ದಪ್ಪಗಾಗಿತ್ತು. ಚಾರ್ಟಿನಲ್ಲಿ ಒಂದು ಸಾಲೂ ಇಳಿದಿರಲಿಲ್ಲ. ಕಾಯೋಣ ಅಂದೆ, ಕ್ಯಾನ್ಸರ್ ವೈದ್ಯರು ಒಪ್ಪಿದರು. ಮುಂದಿನ ವರ್ಷದ ಹೊತ್ತಿಗೆ ಗೆಡ್ಡೆ ತಾನೇ ಸಣ್ಣದಾಗಿತ್ತು. ಇನ್ನೊಬ್ಬ ಹುಡುಗನದು ಪೂರ್ತಿ ಉಲ್ಟಾ: ಸ್ಕ್ಯಾನ್ ಇದ್ದ ಹಾಗೇ ಇದೆ, ಬಲಗಣ್ಣು ಎರಡು ಸಾಲು ಇಳಿದಿದೆ. ಕನ್ನಡಕ ಸರಿನೋಡಿದೆ, ಜ್ವರ-ನಿದ್ದೆ ವಿಚಾರಿಸಿದೆ, ಎರಡು ವಾರ ಬಿಟ್ಟು ಮತ್ತೆ ಅಳೆದೆ. ಅದೇ ಸಾಲು. ಕಾರ್ಬೋಪ್ಲಾಟಿನ್, ವಿನ್‌ಕ್ರಿಸ್ಟಿನ್ ಕೀಮೋ ಶುರುವಾಯಿತು, ದೃಷ್ಟಿ ಅಲ್ಲಿಗೇ ನಿಂತಿತು. ಅವತ್ತು ಒಪ್ಪದೇ ಇದ್ದವರೇ ಈಗ ನನ್ನ ಫೈಲ್ ತರಿಸಿಕೊಂಡು ನೋಡುತ್ತಾರೆ.

ಸ್ಕ್ಯಾನ್ ಪೂರ್ತಿ ಬಿಡಿ ಅಂತ ಹೇಳ್ತಿಲ್ಲ. ಮನೆಗೆ ಕೊಡೋ ಕಾರ್ಡಿಗೆ ಲ್ಯಾಮಿನೇಷನ್ ಸೇರಿ ನೂರು ರೂಪಾಯಿ ಒಳಗೇ ಆಗುತ್ತದೆ, ಹತ್ತಿಪ್ಪತ್ತು ಸೆಟ್ ಮೊದಲೇ ಮಾಡಿಸಿಟ್ಟುಕೊಳ್ಳಿ.