ಅರ್ಧ ಶಕ್ತಿಯ ಎಂಜಿನ್

ಟೇಕಾಫ್ ಹೊತ್ತಿನಲ್ಲಿ ಎಂಜಿನ್ ಪೂರ್ತಿ ನಿಂತರೆ ಪೈಲಟ್‌ಗೆ ಗೊಂದಲವಿಲ್ಲ, ಇಳಿಯಲೇಬೇಕು. ಅದು ಕುಂಟುತ್ತಾ ಓಡುತ್ತಿದ್ದರೆ ಮಾತ್ರ ಆಸೆ ಹುಟ್ಟುತ್ತದೆ. ವಾಯುಪಡೆಯಲ್ಲಿ ಹಾರಾಟ ಶಿಕ್ಷಕನಾಗಿದ್ದಾಗ ನನಗೆ ಒದಗಿದ್ದು ಈ ಎರಡನೆಯ ಬಗೆಯದು.

ಶಿಕ್ಷಕ, ಕೆಡೆಟ್ ಅಕ್ಕಪಕ್ಕ ಕೂರುವ, ಪಿಸ್ಟನ್ ಎಂಜಿನಿನ ವಿಮಾನ. ಹಾರಿಸುತ್ತಿದ್ದವನು ಕೆಡೆಟ್. ರನ್‌ವೇ ಮೇಲೆ ಮಾಪಕಗಳೆಲ್ಲ ಸರಿಯಾಗಿದ್ದವು. ಸುಮಾರು 300 ಅಡಿ ಏರಿದಾಗ ‘ಟಪ್’ ಎಂದು ಸದ್ದಾಯಿತು. ಬೆನ್ನಿಗೇ ಎಂಥ ನಡುಕವೆಂದರೆ ಮಾಪಕದ ಮುಳ್ಳುಗಳನ್ನು ಓದಲಾಗಲಿಲ್ಲ. ಎಂಜಿನ್ ಶಕ್ತಿ ಏರಿಳಿಸುವ ಥ್ರಾಟಲ್ ಹಿಡಿ ಪೂರ್ತಿ ಮುಂದಿದ್ದರೂ ವೇಗ ಇಳಿಯುತ್ತಿತ್ತು.

“ಕಂಟ್ರೋಲ್ ನನಗೆ ಬಿಡು” ಎಂದು ಮೂತಿ ತಗ್ಗಿಸಿದೆ. ಏರುವ ಭಂಗಿಯಲ್ಲಿ ಶಕ್ತಿ ಹೋದರೆ ಮೊದಲ ಕೆಲಸ ಅದೇ, ರೇಡಿಯೊ ಆಮೇಲೆ. ತಡಮಾಡಿದರೆ ವೇಗ ಕುಸಿದು ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗಳು ಅದನ್ನು ಎತ್ತಿ ಹಿಡಿಯಲಾರವು.

“ಸರ್, ತಿರುಗೋಣವೇ?” ಎಂದ ಹುಡುಗ.

ಎಂಜಿನ್ ಇನ್ನೂ ಗುರುಗುಟ್ಟುತ್ತಿರುವಾಗ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಅದೇ ರನ್‌ವೇಗೆ ಮರಳಲು 180 ಡಿಗ್ರಿ ತಿರುಗಿದರೆ ಸಾಲದು, ನೇರ ಸಾಲಿಗೆ ಬರಲು ಇನ್ನಷ್ಟು ತಿರುಗಬೇಕು. ಎತ್ತರ ಕಳೆಯದೆ 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು ಶೇ. 19ರಷ್ಟು ಹೆಚ್ಚುತ್ತದೆ. ಕಡಿಮೆ ವಾಲಿದರೆ ತಿರುವು ಮುಗಿಯುವ ಮೊದಲೇ ನೆಲ ಬಂದಿರುತ್ತದೆ. ಆ ಎಂಜಿನ್ ಇನ್ನೆಷ್ಟು ಹೊತ್ತು ಓಡೀತೆಂದು ಲೆಕ್ಕ ಹಾಕುವುದು ಜೂಜು. ನಮ್ಮ ವಿಮಾನದಲ್ಲಿ ಪೈಲಟನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇರಲಿಲ್ಲ, ಆ ಎತ್ತರದಲ್ಲಿ ಬೆನ್ನಿನ ಪ್ಯಾರಾಚೂಟ್ ಬರಿಯ ದಿಂಬು. (ದುಂಡಿಗಲ್ಲಿನ ವಾಯುಪಡೆ ಅಕಾಡೆಮಿಯಲ್ಲಿ 2013ರಿಂದ ಕೆಡೆಟ್‌ಗಳು ಹಾರಿಸುತ್ತಿರುವ ಪಿಲಾಟಸ್ ಪಿಸಿ-7 ಮಾರ್ಕ್ 2ರಲ್ಲಿ ಇಜೆಕ್ಷನ್ ಸೀಟ್ ಇದೆ. ಅಸೂಯೆಯಲ್ಲ, ಸಂತೋಷವೇ.)

“ಇಲ್ಲ, ಮುಂದೆಯೇ” ಎಂದೆ. ತುಸು ಎಡಕ್ಕೆ, ಜೋಳ ಕೊಯ್ದ ಹೊಲವೊಂದಿತ್ತು. ಸಾಲುಗಳು ನಮ್ಮ ದಿಕ್ಕಿಗೇ ಇದ್ದದ್ದು ಅದೃಷ್ಟ. ಅಡ್ಡ ಸಾಲಾಗಿದ್ದರೆ ಮುಂಗಾಲಿ ಸಿಕ್ಕಿ ಪಲ್ಟಿಯಾಗುತ್ತಿದ್ದೆವು. ಹೊಲ ತಲುಪುವುದು ಖಚಿತವಾದ ಮೇಲೆ ಆ ಅರ್ಧ ಶಕ್ತಿಯನ್ನೂ ನಾನೇ ಕೊಂದೆ: ಇಂಧನ ಬಂದ್, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಬಂದ್, ರೆಕ್ಕೆಯ ಫ್ಲಾಪ್ ಇಳಿಸಿ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಬಂದ್. ಬೆಂಕಿಗೆ ಹೆದರಬೇಕಾದದ್ದು ನೆಲ ಮುಟ್ಟಿದ ಮೇಲೆ. ಚೌಕಟ್ಟು ಸೊಟ್ಟಗಾದರೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಕ್ಯಾನೊಪಿ, ತೆರೆಯದೆಂದು ಕೆಡೆಟ್ ಅದರ ಚಿಲಕವನ್ನು ಮೊದಲೇ ಬಿಡಿಸಿದ್ದ. ನಾನು ಹೇಳಿರಲಿಲ್ಲ!

ಮುಂಗಾಲಿ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ನಾವಿಬ್ಬರೂ ನಡೆದುಕೊಂಡೇ ಹೊರಬಂದೆವು. ವಿಚಾರಣೆಗೆ ಎಂಜಿನ್ ಬಿಚ್ಚಿದಾಗ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಕಾಂಡದಲ್ಲೇ ತುಂಡಾಗಿತ್ತು, ಅದರ ತಲೆ ಪಿಸ್ಟನ್ನನ್ನು ಜಜ್ಜಿಹಾಕಿತ್ತು. ಲೋಹದ ದಣಿವು ಎಂದು ಬರೆದರು. ಹಾರಾಟಕ್ಕೆ ಮುಂಚೆ ವಿಮಾನ ಸುತ್ತಿ ನೋಡುವ ಪೈಲಟ್‌ಗೆ ಅಂಥ ಬಿರುಕು ಕಾಣುವುದಿಲ್ಲ.

ಎಂಜಿನ್ ಪೂರ್ತಿ ನಿಲ್ಲುವುದಕ್ಕಿಂತ ಭಾಗಶಃ ಶಕ್ತಿ ಕುಂದುವುದೇ ಹೆಚ್ಚೆಂದು ಒಂಟಿ ಎಂಜಿನಿನ ವಿಮಾನಗಳ ಬಗ್ಗೆ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಎಚ್ಚರಿಸಿದೆ. ನಾವು ಅಭ್ಯಾಸ ಮಾಡಿಸುತ್ತಿದ್ದುದು ಥ್ರಾಟಲನ್ನು ಪೂರ್ತಿ ಎಳೆದು. ಆಮೇಲೆ ನಾನು ಅರ್ಧ ಎಳೆಯತೊಡಗಿದೆ. 3000 ಅಡಿಯಲ್ಲಿ, ಅದನ್ನೇ ನೆಲವೆಂದುಕೊಂಡು ಏರುತ್ತಾ, “ಈಗ ತಿರುಗಿ ನೋಡು” ಎನ್ನುತ್ತಿದ್ದೆ. ತಿರುವು ಮುಗಿದ ಮೇಲೆ ಆಲ್ಟಿಮೀಟರ್ ಎಷ್ಟು ಎತ್ತರ ತೋರಿಸುತ್ತಿದೆ ಎಂದು ಅವರೇ ಗಟ್ಟಿಯಾಗಿ ಓದಬೇಕಿತ್ತು.