ಉಡುಪಿಯಲ್ಲಿ ಕೂತು ಹೊರದೇಶದ ತಂಡಗಳ ಜೊತೆ ಪ್ರಾಡಕ್ಟ್ ಕಟ್ಟುವುದು

ಬರ್ಲಿನ್, ಸ್ಯಾನ್ ಫ್ರಾನ್ಸಿಸ್ಕೊ ತಂಡಗಳ ಜೊತೆ ಉಡುಪಿಯ ಮನೆಯಿಂದಲೇ ಆ್ಯಪ್ ಕಟ್ಟುವಾಗ ಕೋಡ್ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಗಡಿಯಾರ ಮತ್ತು ಕರೆಂಟು.

ನಮ್ಮ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ, ಅವರದು ಬದಲಾಗುತ್ತದೆ. ಬರ್ಲಿನ್‌ನಲ್ಲಿ ಬೆಳಿಗ್ಗೆ 10 ಆದಾಗ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 2.30, ಬೇಸಿಗೆಯಲ್ಲಿ 1.30, ಸರಿಯಾಗಿ ಊಟದ ಹೊತ್ತು. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಆ ಎರಡು ಊರುಗಳ ಅಂತರ 9 ಗಂಟೆಯಿಂದ 8ಕ್ಕೆ ಇಳಿಯುತ್ತದೆ. ಮೂರೂ ಕಡೆಯವರು ಸೇರಬೇಕಾದ ಮೀಟಿಂಗ್ ತಪ್ಪುವುದು ಆಗಲೇ. ಹಾಗಾಗಿ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕುವಾಗ ಬರ್ಲಿನ್ ಸಮಯವನ್ನೇ ಆರಿಸುತ್ತೇನೆ. ಹೆಚ್ಚು ಜನ ಇರುವುದು ಅಲ್ಲಿ. ಹೊಂದಿಕೊಳ್ಳುವುದು ನನಗೆ ಸುಲಭ.

ಕರೆಂಟು ಹೋದಾಗ ನಡೆಸುವ ಇನ್ವರ್ಟರ್ ಬ್ಯಾಟರಿಯ ಲೆಕ್ಕ ಹೀಗೆ. 12 ವೋಲ್ಟ್, 150 ಆಂಪಿಯರ್-ಅವರ್ (ಎಎಚ್) ಟ್ಯೂಬುಲರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವಾಟ್-ಅವರ್. ಅದರಲ್ಲಿ 60% ಮಾತ್ರ ಬಳಸಿ, ಇನ್ವರ್ಟರ್‌ನಲ್ಲಿ ಸೋರುವುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 860. ಲ್ಯಾಪ್‌ಟಾಪ್ 60, ಮಾನಿಟರ್ 30, ರೂಟರ್ 20, ಹಳೇ ಫ್ಯಾನ್ 75 ವಾಟ್: ನಾಲ್ಕೂವರೆ ಗಂಟೆಗೆ ಬ್ಯಾಟರಿ ಖಾಲಿ. ಫ್ಯಾನ್ ಬದಲಿಸಿ 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಬಗೆಯ ಫ್ಯಾನ್) ಹಾಕಿದರೆ ಆರು ಗಂಟೆ ದಾಟುತ್ತದೆ. ದೊಡ್ಡ ಬ್ಯಾಟರಿಗೆ ಮೊದಲು ಫ್ಯಾನ್ ಬದಲಿಸಿ.

ಫೈಬರ್ ಕೇಬಲ್ ಕಂಬದಿಂದ ಕಂಬಕ್ಕೆ ಹೋಗಿರುತ್ತದೆ; ಗಾಳಿಮಳೆಗೆ ತೆಂಗಿನ ಮಡಲು ಬಿದ್ದರೆ ತುಂಡು. ಎರಡನೇ ಕನೆಕ್ಷನ್ ಕೂಡ ಫೈಬರ್ ಆದರೆ ಅದೂ ಅದೇ ಕಂಬದಲ್ಲಿರುತ್ತದೆ. ಬೇರೆ ಕಂಪನಿಯ ಸಿಮ್ ಹಾಕಿದ ರೂಟರ್ ಇಡಿ. ಇನ್ನೊಂದು, ಅರ್ಥಿಂಗ್. ಸಿಡಿಲು ಜೋರಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ನಮ್ಮ ಮುರಕಲ್ಲಿನ ನೆಲ ಒಣಗಿ ಅರ್ಥಿಂಗ್ ಕೈಕೊಡುವುದೂ ಆಗಲೇ. ವಾರಕ್ಕೆರಡು ಸಲ ಅರ್ಥ್ ಗುಂಡಿಗೆ ಒಂದು ಬಕೆಟ್ ನೀರು ಹೊಯ್ಯುತ್ತೇನೆ. ಗುಡುಗು ಶುರುವಾಗುವ ಮುಂಚೆಯೇ ರೂಟರ್‌ನ ಅಡಾಪ್ಟರ್ ಕಿತ್ತಿಡಬೇಕು: ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಡಾಪ್ಟರ್‌ನಲ್ಲಿ ಹರಿಯುತ್ತದೆ.

ಪ್ರಯಾಣದ ದಿನಗಳನ್ನು ಒಂದು ಶೀಟ್‌ನಲ್ಲಿ ಬರೆದಿಡುತ್ತೇನೆ. ಷೆಂಗೆನ್‌ನಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ವೀಸಾದ ಮೇಲೆ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ಬಿಸಿನೆಸ್ ವೀಸಾ ಮೀಟಿಂಗ್‌ಗೆ ಸಾಕು, ಅಲ್ಲಿ ಕೂತು ಉದ್ಯೋಗ ಮಾಡಲು ಸಾಲದು. ಇನ್ನು ಜಿಎಸ್‌ಟಿ ನೋಂದಣಿ ಇದ್ದವರು ಪ್ರತಿ ಆರ್ಥಿಕ ವರ್ಷಕ್ಕೂ ಎಲ್‌ಯುಟಿ (ತೆರಿಗೆ ಮುಂಗಡ ಕಟ್ಟದೆ ಹೊರದೇಶಕ್ಕೆ ಸೇವೆ ಕೊಡಲು ಬರೆದುಕೊಡುವ ಮುಚ್ಚಳಿಕೆ) ಹೊಸದಾಗಿ ಸಲ್ಲಿಸಬೇಕು, ಏಪ್ರಿಲ್‌ನ ಮೊದಲ ಇನ್ವಾಯ್ಸ್‌ಗೆ ಮುಂಚೆಯೇ.

ಯಕ್ಷಗಾನದ ಫೋಟೊ ನನ್ನ ಇನ್ನೊಂದು ಜೀವ. ವೇಷಧಾರಿ ದಿಗಿಣ (ಸುತ್ತುತ್ತ ನೆಗೆಯುವ ಕುಣಿತ) ಹಾರುವಾಗ ಶಟರ್ ವೇಗ 1/500 ಸೆಕೆಂಡಿಗಿಂತ ಕೆಳಗಿಳಿದರೆ ವೇಷ ಕದಡುತ್ತದೆ. ಆದರೆ ಅಗ್ಗದ ಎಲ್‌ಇಡಿ ದೀಪದಡಿ ಅದೇ ವೇಗಕ್ಕೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಆಗ 1/100ಕ್ಕೆ ಇಳಿದು, ಕುಣಿತ ನಿಂತ ಕ್ಷಣಕ್ಕೆ ಕಾಯುತ್ತೇನೆ. ಮೇ ಕೊನೆಗೆ ಬರುವ ಪತ್ತನಾಜೆಗೆ ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದವೆಂದರೆ ಲೆನ್ಸ್‌ಗಳನ್ನು ಗಾಳಿಯಾಡದ ಡಬ್ಬಿಯೊಳಗೆ, ಸಿಲಿಕಾ ಜೆಲ್ ಜೊತೆ ಇಡುವ ಸಮಯ. ಒಳಗಿನ ತೇವಾಂಶ 40ರಿಂದ 50% ಇರಲಿ; ಹೆಚ್ಚಾದರೆ ಗಾಜಿಗೆ ಬೂಷ್ಟು, ತೀರಾ ಇಳಿದರೆ ರಬ್ಬರ್ ಒಣಗುತ್ತದೆ. ಜೆಲ್‌ನ ಕಿತ್ತಳೆ ಹರಳು ತೇವ ಹೀರಿ ಹಸಿರಾದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು, ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ಹಾಕಿ.